ತಿರುಗಿ ಫೋನ್ ಮಾಡಿ ಕೇಳುವ ಆಪಾ

ನಮ್ಮ ದವಾಖಾನೆಯಲ್ಲಿ ನಾನು ತೆಗೆಯಲಾರದ ದನಿ ಇಲ್ಲ. ದೊಡ್ಡ ಡಾಕ್ಟರದು ಬರುತ್ತದೆ, ಲಿಫ್ಟಿನೊಳಗೆ ಮಾತಾಡುವ ಹೆಣ್ಣಿನದು ಬರುತ್ತದೆ, ಸ್ಟ್ರೆಚರ್ ತಳ್ಳಿಕೊಂಡು ‘ಸರೀರಿ, ಸರೀರಿ’ ಎಂದು ಊರಿಗೇ ಕೇಳುವಂತೆ ಕೂಗುವ ಬಸಣ್ಣನದಂತೂ ಅವನಿಗಿಂತ ನನಗೇ ಚೆನ್ನಾಗಿ ಬರುತ್ತದೆ. ಗುಡೂರಿನಲ್ಲಿರುವ ನಮ್ಮವ್ವ ಎಷ್ಟೋ ಸಲ ಫೋನಿನಲ್ಲಿ ನನ್ನನ್ನೇ ‘ಯಾರಪ್ಪಾ ನೀ?’ ಎಂದು ಕೇಳಿದ್ದಾಳೆ. ಅವಳದೇನು ತಪ್ಪು? ನನ್ನ ಸ್ವಂತ ದನಿ ಯಾವುದೆಂದು ನನಗೇ ಅಷ್ಟು ಖಾತ್ರಿ ಇರಲಿಲ್ಲ.

ನಮ್ಮ ವಾರ್ಡ್ ನೋಡಿಕೊಳ್ಳುತ್ತಿದ್ದ, ನಾವೆಲ್ಲ ‘ಆಪಾ’, ಅಂದರೆ ಅಕ್ಕ, ಎಂದು ಕರೆಯುತ್ತಿದ್ದವರ ದನಿ ಎಲ್ಲಕ್ಕಿಂತ ಸುಲಭ. ದಾರ ಕಟ್ಟಿದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಬೇಕು, ಬಾಲ್‌ಪೆನ್ನನ್ನು ಎರಡು ಸಲ ಟಿಕ್ ಟಿಕ್ ಎನಿಸಬೇಕು, ಎದುರಿಗಿದ್ದವನು ತನ್ನ ಹೆಸರನ್ನೇ ಸುಳ್ಳು ಹೇಳಿರಬಹುದು ಎಂಬಂತೆ ನೋಡಿ ಮೂರು ಪ್ರಶ್ನೆ ಕೇಳಬೇಕು: “ಯಾರು ಹೇಳಿದ್ರು? ಯಾವಾಗ ಹೇಳಿದ್ರು? ನೀ ಕಣ್ಣಿಲೆ ನೋಡಿದೇನು?” ಇಷ್ಟು ಮಾಡಿದರೆ ಕ್ಯಾಂಟೀನಿನಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆದರೆ ಮೂರು ಪ್ರಶ್ನೆ ಮುಗಿದ ಮೇಲೆ ಆಪಾ ಸುಮ್ಮನೆ ಕೂಡುತ್ತಿದ್ದರಲ್ಲ, ಆ ಸುಮ್ಮನೆ ಕೂಡುವುದು ಮಾತ್ರ ನನಗೆ ಇಂದಿಗೂ ಬಂದಿಲ್ಲ.

ಹೋದ ತಿಂಗಳು ಅವರು ನಿವೃತ್ತರಾದರು. ಅವರ ಕುರ್ಚಿಯಲ್ಲಿ ಈಗ ನಾನು ಕೂತಿದ್ದೇನೆ. ಕುರ್ಚಿಗೂ ನನ್ನ ಮೇಲೆ ಸಂಶಯ ಇರುವಂತಿದೆ, ಒಂದು ಕಡೆ ವಾಲುತ್ತದೆ.

ಬಾಗಲಕೋಟೆಯ ವಿದ್ಯಾಗಿರಿಯಲ್ಲಿರುವ ನಮ್ಮದು ಅಂಥ ದೊಡ್ಡ ದವಾಖಾನೆಯೇನಲ್ಲ. ಎರಡನೇ ಮಹಡಿಯ ವಾರ್ಡಿನ ಬಾಗಿಲಿಗೆ ಹತ್ತಿಕೊಂಡು ಒಂದು ಮೇಜು, ಅದರ ಮೇಲೆ ಕಂಪ್ಯೂಟರು, ಫೋನು, ಫೈಲುಗಳ ಗುಡ್ಡ, ‘ವಾರ್ಡ್ ಕೋಆರ್ಡಿನೇಟರ್’ ಎಂಬ ಹಲಗೆ. ಹಲಗೆ ಓದಿದವರಿಗೆ ಏನೂ ತಿಳಿಯುತ್ತಿರಲಿಲ್ಲ. ಪೇಷಂಟುಗಳ ಕಡೆಯವರಲ್ಲಿ ಕೆಲವರು ಆಪಾರನ್ನು ಹಿರಿಯ ಡಾಕ್ಟರು ಎಂದುಕೊಂಡಿದ್ದರು, ಕೆಲವರು ದವಾಖಾನೆಯ ಮಾಲಕರ ಮನೆಯವರು ಎಂದುಕೊಂಡಿದ್ದರು. ನಾನು ಸೇರಿದ ಹೊಸದರಲ್ಲಿ ಅವರಿಗೆ ಕೆಲಸವೇ ಇಲ್ಲ ಎಂದುಕೊಂಡಿದ್ದೆ. ಸೂಜಿ ಚುಚ್ಚುವವರಲ್ಲ, ಗುಳಿಗೆ ಕೊಡುವವರಲ್ಲ, ನಾಡಿ ಹಿಡಿಯುವವರಲ್ಲ. ಬರೇ ಕೂತು ಎಲ್ಲರನ್ನೂ ಸಂಶಯದಿಂದ ನೋಡುವುದಕ್ಕೆ ಪಗಾರ ಕೊಡುತ್ತಾರಲ್ಲ, ಇಂಥ ನೌಕರಿ ನಮಗ್ಯಾಕೆ ಸಿಗಲಿಲ್ಲ ಎಂದು ನನಗೆ ಹೊಟ್ಟೆಕಿಚ್ಚು. ಬಿ.ಎ. ಮುಗಿಸಿ, ಕಾಲೇಜಿನ ಗ್ಯಾದರಿಂಗ್‌ನಲ್ಲಿ ಪ್ರಿನ್ಸಿಪಾಲರ ದನಿ ತೆಗೆದು ಕಪ್ ಗೆದ್ದ ನನಗೆ ಸಿಕ್ಕಿದ್ದು ಕೆಳಗಿನ ಕೌಂಟರಿನಲ್ಲಿ ಚೀಟಿ ಬರೆಯುವ ಕೆಲಸ.

ಆಪಾರ ಕೆಲಸ ಏನೆಂದು ತಿಳಿದದ್ದು ನಿಧಾನಕ್ಕೆ. ದೊಡ್ಡ ಡಾಕ್ಟರು ವಾರ್ಡಿನಲ್ಲಿ ಸುತ್ತು ಹಾಕುವಾಗ ನಡೆನಡೆಯುತ್ತಲೇ ಹತ್ತು ಮಾತು ಹೇಳುತ್ತಾರೆ. ಇವರಿಗೆ ರಕ್ತ ಕಳಿಸಿ, ಅವರಿಗೆ ಗಂಜಿ ಕೊಡಿ, ಆ ಮೂಲೆಯವರನ್ನು ಸ್ಕ್ಯಾನಿಂಗ್‌ಗೆ ಇಳಿಸಿ, ಈ ತಾಯಿಯನ್ನು ನಾಳೆ ಮನೆಗೆ ಬಿಡಿ. ಹೇಳಿ ಹೋಗಿಬಿಡುತ್ತಾರೆ. ಆ ಹತ್ತೂ ಮಾತು ಹತ್ತು ಕಡೆಗೆ ಮುಟ್ಟಬೇಕು, ಮುಟ್ಟಿದ್ದು ಆಗಬೇಕು, ಆದದ್ದು ತಿರುಗಿ ಬಂದು ಫೈಲಿನಲ್ಲಿ ಕೂಡಬೇಕು. ನಡುವೆ ಎಲ್ಲಿ ಯಾರು ಮರೆತರೂ ಮಂಚದ ಮೇಲಿದ್ದವರಿಗೆ ತೊಂದರೆ. ಆಪಾ ಮಾಡುತ್ತಿದ್ದದ್ದು ಅದನ್ನೇ: ಪ್ರತಿಯೊಂದು ಮಾತಿನ ಬೆನ್ನು ಹತ್ತುವುದು, ಮತ್ತು ಆ ಮಾತು ದಾರಿ ತಪ್ಪಿರುತ್ತದೆ ಎಂದು ಮೊದಲೇ ನಂಬಿಬಿಡುವುದು.

ಲ್ಯಾಬಿನವರು ಫೋನಿನಲ್ಲಿ, “ರಿಪೋರ್ಟ್ ಕಳಿಸೇವಿ ಆಪಾ” ಎನ್ನುತ್ತಿದ್ದರು.

“ಯಾರ ಕೈಯಾಗ?”

“ಬಸಣ್ಣನ ಕೈಯಾಗ್ರಿ.”

“ಬಸಣ್ಣ ನನ್ನ ಮುಂದ ನಿಂತು ಚಹಾ ಕುಡಿಯಾಕತ್ತಾನ. ಅವನ ಒಂದು ಕೈಯಾಗ ಕಪ್ ಐತಿ, ಇನ್ನೊಂದ್ರಾಗ ಬಸಿ ಐತಿ. ನಿಮ್ಮ ರಿಪೋರ್ಟ್ ಹಿಡ್ಯಾಕ ಮೂರನೇ ಕೈ ಎಲ್ಲಿಂದ ತಂದಾನ?”

ಕಂಪ್ಯೂಟರಿನ ಮೇಲೂ ನಂಬಿಕೆ ಇರಲಿಲ್ಲ. ಒಮ್ಮೆ ಹೊಸ ಪೇಷಂಟನ್ನು ಕರೆತಂದು, ಒಂಬತ್ತನೇ ಬೆಡ್ ಖಾಲಿ ಎಂದು ಕಂಪ್ಯೂಟರ್ ತೋರಿಸುತ್ತಿದೆ ಎಂದು ನಾನು ಹೇಳಿದೆ. ಆಪಾ ಎದ್ದು ಹೋಗಿ ಹಾಸಿಗೆಯ ಮೇಲೆ ಅಂಗೈ ಇಟ್ಟರು.

“ಕಂಪ್ಯೂಟರ್ ಖಾಲಿ ಅಂತೈತಿ, ಹಾಸಿಗಿ ಬಿಸಿ ಐತಿ. ಇದರಾಗ ಯಾರ್ದು ನಂಬಲಿ?”

ಅಷ್ಟರಲ್ಲಿ ಒಂಬತ್ತನೇ ಬೆಡ್ಡಿನ ಯಜಮಾನ ಸಂಡಾಸಿನಿಂದ ಲುಂಗಿ ಕಟ್ಟಿಕೊಳ್ಳುತ್ತ ಬಂದು, ತನ್ನ ಜಾಗದ ಸುತ್ತ ನಾಲ್ಕು ಜನ ನಿಂತದ್ದನ್ನು ನೋಡಿ ಗಾಬರಿಯಾಗಿ, “ನನಗ ಏನಾಗೇತ್ರಿ?” ಎಂದ.

ಭೇಟಿಗೆ ಬರುವವರ ಚೀಲವೆಂದರೆ ಆಪಾರ ಮೂಗಿಗೆ ಹಬ್ಬ. “ಚೀಲದಾಗ ಏನೈತಿ?” “ಬಟ್ಟಿ ರಿ.” “ಬಟ್ಟಿಗೆ ಬಳ್ಳೊಳ್ಳಿ ವಾಸನಿ ಯಾಕ ಬರ್ತೈತಿ?” ಚೀಲದಿಂದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆ ಸೋರುವ ಮಿರ್ಚಿ ಹೊರಬರುತ್ತಿದ್ದವು. ಬೈಯುತ್ತಿರಲಿಲ್ಲ. ಒಂದು ಚೀಟಿಯ ಮೇಲೆ ಬೆಡ್ ನಂಬರ್ ಬರೆದು ಚೀಲಕ್ಕೆ ಅಂಟಿಸಿ, “ಹೋಗುವಾಗ ತಗೊಂಡು ಹೋಗ್ರಿ” ಎಂದು ಮೇಜಿನ ಕೆಳಗೆ ಇಡುತ್ತಿದ್ದರು. ಹೋಗುವಾಗ ಚೀಲದ ತೂಕ ಕಡಿಮೆಯಾಗಿರುತ್ತದೆ ಎಂದು ನಾನು ಕ್ಯಾಂಟೀನಿನಲ್ಲಿ ಸುದ್ದಿ ಹಬ್ಬಿಸಿದ್ದೆ. ತಿನ್ನುತ್ತಿದ್ದವನು ನಾನೇ ಎನ್ನುವುದು ಬೇರೆ ಮಾತು.

ಈ ಸಂಶಯದ ಮೂಲ ಎಲ್ಲಿದೆ ಎಂದು ಒಮ್ಮೆ ಕೇಳಿಯೇಬಿಟ್ಟೆ. ಅವರು ಬಾದಾಮಿಯವರು. ದಿನಾ ಬೆಳಿಗ್ಗೆ ರೈಲಿನಲ್ಲಿ ಬಾಗಲಕೋಟೆಗೆ ಬಂದು, ಸ್ಟೇಷನ್ನಿನಿಂದ ಆಟೋ ಹಿಡಿದು ಎಂಟಕ್ಕೆ ವಾರ್ಡಿನಲ್ಲಿರುತ್ತಿದ್ದರು. ಗಂಡ ಅಲ್ಲಿ ಗುಹೆ ನೋಡಲು ಬರುವವರಿಗೆ ಗೈಡ್.

“ನಮ್ಮನಿಯವರು ಗುಹೆದಾಗ ದಿನಾ ಒಂದು ಹೊಸಾ ಕಥಿ ಹೇಳ್ತಾರ ತಮ್ಮಾ. ಮುಂಜಾನೆ ಬಂದವರಿಗೆ ರಾಣಿ ಇಲ್ಲಿ ನಿಂತಿದ್ಲು ಅಂತಾರ, ಮಧ್ಯಾಹ್ನ ಬಂದವರಿಗೆ ಅಲ್ಲಿ ಕುಂತಿದ್ಲು ಅಂತಾರ. ಅವರ ಜೋಡಿ ಮೂವತ್ತು ವರ್ಷ ಸಂಸಾರ ಮಾಡೇನಿ. ಇನ್ನ ನಿನ್ನ ಮಾತು ನಂಬ್ತೇನೇನು?”

ಇಷ್ಟೆಲ್ಲ ಸಂಶಯಪಡುವವರ ಮೇಲೆ ಸಂಶಯ ಹುಟ್ಟದೆ ಇರುತ್ತದೆಯೇ? ಅವರ ಮೇಜಿಗೆ ಒಂದು ಡ್ರಾವರ್ ಇತ್ತು. ಅದಕ್ಕೆ ಸದಾ ಬೀಗ. ಕೀಲಿ ಕನ್ನಡಕದ ದಾರದಲ್ಲೇ ಕಟ್ಟಿರುತ್ತಿತ್ತು. ನನ್ನನ್ನು ಕಂಡರೆ ಡ್ರಾವರ್ ಮುಚ್ಚುತ್ತಿದ್ದರು. ಅದರೊಳಗೆ ನಮ್ಮೆಲ್ಲರ ತಪ್ಪುಗಳ ಪಟ್ಟಿ ಇದೆ ಎಂದು ನಾನು ಹೇಳುತ್ತಿದ್ದೆ, ಹೇಳಿ ಹೇಳಿ ನಾನೇ ನಂಬಿದ್ದೆ.

ಇನ್ನು ಇಳಕಲ್ಲಿನ ಅಜ್ಜಿಯ ವಿಷಯ. ನಿಜ ಹೇಳಬೇಕೆಂದರೆ ಇದನ್ನು ಬರೆಯಲೆಂದೇ ಇಷ್ಟು ಹೊತ್ತು ಸುತ್ತು ಬಳಸಿದೆ.

ಎರಡು ವರ್ಷದ ಹಿಂದಿನ ಮಾತು. ಪಿತ್ತಕೋಶದಲ್ಲಿ ಹರಳು ಎಂದು ಇಳಕಲ್ಲಿನ ಒಬ್ಬ ಅಜ್ಜಿ ಬಂದರು. ಮಗ್ಗದ ಮುಂದೆ ಕೂತೂ ಕೂತೂ ಬೆನ್ನು ಬಾಗಿತ್ತು, ಆದರೆ ದನಿ ನೆಟ್ಟಗಿತ್ತು. ಕೆಳಗೆ ಕೌಂಟರಿನಲ್ಲಿ ಗಂಡನ ಹೆಸರು ಕೇಳಿದರೆ ಅಜ್ಜಿ ಸೆರಗನ್ನು ಬಾಯಿಗೆ ಇಟ್ಟುಕೊಂಡು ನಕ್ಕರು. ಗಂಡನ ಹೆಸರು ಹೇಳಬಾರದಲ್ಲ. ಆ ಜಾಗ ಖಾಲಿ ಬಿಟ್ಟೇ ಫೈಲನ್ನು ಮೇಲೆ ತಂದೆ. ಸೊಸೆ ಹೇಳಲು ಬಾಯಿ ತೆರೆದಳು. ಆಪಾ ಕೈಯೆತ್ತಿದರು.

“ನೀ ಸುಮ್ಮನಿರವ್ವಾ. ಆಪರೇಷನ್ ನಿನಗಲ್ಲ. ಇವರು ಇವರ ಹೌದು ಅನ್ನೂದು ಇವರ ಬಾಯಿಲೇ ಬರಬೇಕು.” ಅಜ್ಜಿಯ ಕಡೆ ತಿರುಗಿ, “ಸುಮ್ಕ ಹೇಳಬ್ಯಾಡ್ರಿ ಯಮ್ಮಾ, ಒಡಪು ಕಟ್ಟಿ ಹೇಳ್ರಿ. ಮದಿವ್ಯಾಗ ಹೇಳಿರ್ತೀರಿ, ಹೌದಲ್ಲೋ?”

ಅಜ್ಜಿಯ ಕಣ್ಣು ಮಿಂಚಿದವು. ಹೊಟ್ಟೆನೋವು ಮರೆತು ಎದ್ದು ಕೂತರು. ಇಡೀ ವಾರ್ಡು ಕಿವಿ ನೆಟ್ಟಗೆ ಮಾಡಿತು.

“ಮಗ್ಗದ ಮ್ಯಾಲ ಕೆಂಪು ಸೆರಗ, ಮಾಡದ ಒಳಗ ದೀಪದ ಬೆರಗ, ಈರಪ್ಪನ ಹೆಸರ ಹೇಳತೇನಿ ದವಾಖಾನಿ ಒಳಗ!”

ಎಲ್ಲ ಬೆಡ್ಡುಗಳಿಂದ ಚಪ್ಪಾಳೆ. ಆಪಾ ನಗಲಿಲ್ಲ. ‘ಈರಪ್ಪ’ ಎಂದು ಬರೆದು, ಆಧಾರ್ ಕಾರ್ಡಿನ ಜೊತೆ ತಾಳೆ ನೋಡಿ, ಅಜ್ಜಿಯ ಕೈಗೆ ಹೆಸರಿನ ಪಟ್ಟಿ ಕಟ್ಟಿಸಿ, ಏಳನೇ ಬೆಡ್ಡಿಗೆ ಕಳಿಸಿದರು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಆಪರೇಷನ್. ಹಿಂದಿನ ರಾತ್ರಿಯಿಂದ ಬಾಯಿಗೆ ಏನೂ ಹಾಕುವಂತಿಲ್ಲ. ಅದರ ಗುರುತಿಗೆ ಮಂಚಕ್ಕೆ ಆಪಾ ಸ್ವತಃ ಕೆಂಪು ರಟ್ಟು ತೂಗುಹಾಕಿದ್ದರು. ಅಜ್ಜಿಗೆ ಹಸಿವಿಗಿಂತ ಚಹಾದ ಚಿಂತೆ. “ಒಂದ ಗುಟುಕ ಚಹಾ ಕೊಡ್ರೆಪಾ, ಒಂದ ಗುಟುಕ” ಎಂದು ಹೋಗುವವರ ಬರುವವರ ಕೈ ಹಿಡಿಯುತ್ತಿದ್ದರು. ಅವರ ದನಿಯನ್ನೂ ನಾನು ಕಲಿತಿದ್ದೆ.

ಬೆಳಿಗ್ಗೆ ಆಪಾರ ರೈಲು ಇನ್ನೂ ಬಂದಿರಲಿಲ್ಲ. ವಾರ್ಡಿನಲ್ಲಿ ಸುವರ್ಣಾ ಎಂಬ ಹೊಸ ಸಿಸ್ಟರ್ ಇದ್ದಳು, ಕೆಲಸಕ್ಕೆ ಸೇರಿ ಮೂರನೇ ದಿನ. ಕೆಳಗೆ ಕೌಂಟರಿನಲ್ಲಿ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಕೈ ಕೆರೆಯಿತು. ಒಳಗಿನ ಫೋನೆತ್ತಿ ವಾರ್ಡಿಗೆ ಹಚ್ಚಿದೆ. ದೊಡ್ಡ ಡಾಕ್ಟರು ಮೈಸೂರು ಕಡೆಯವರು. ಒಮ್ಮೆ ಕೆಮ್ಮಿ, ಮೂಗಿನಿಂದ ಮಾತಾಡಿ, ಕೊನೆಗೆ ತಮ್ಮ ಪ್ರಶ್ನೆಗೆ ತಾವೇ ಉತ್ತರ ಕೊಟ್ಟರೆ ಅವರಾದಂತೆ.

“ಏನಮ್ಮಾ, ಏಳನೇ ಬೆಡ್‌ನವರದು ಇವತ್ತು ಆಪರೇಷನ್ ಇಲ್ಲ. ಪಾಪ, ಒಂದು ಕಪ್ ಟೀ ಕೊಟ್ಟುಬಿಡಿ. ಓಕೆನಾ? ಓಕೆ.”

‘ಹೌದ್ರಿ ಸರ್’ ಎಂದಳು. ನನ್ನ ಲೆಕ್ಕದಲ್ಲಿ ಅವಳು ಒಂದು ಕ್ಷಣ ಗಲಿಬಿಲಿಯಾಗಬೇಕು, ನಾನು ಆಗ ಲಿಫ್ಟಿನ ಹೆಣ್ಣುದನಿಯಲ್ಲಿ ‘ಬಾಗಿಲು ಮುಚ್ಚುತ್ತಿದೆ’ ಎನ್ನಬೇಕು, ಇಬ್ಬರೂ ನಗಬೇಕು. ಆದರೆ ಅಷ್ಟರಲ್ಲಿ ಟ್ರ್ಯಾಕ್ಟರಿನಿಂದ ಬಿದ್ದ ಒಬ್ಬನನ್ನು ನಾಲ್ಕು ಜನ ಹೊತ್ತುಕೊಂಡು ಒಳಗೆ ನುಗ್ಗಿದರು. ಫೋನಿಟ್ಟೆ. ಅವನ ಹೆಸರು, ಊರು, ಚೀಟಿ, ಸ್ಟ್ರೆಚರ್. ಅದರ ನಡುವೆ ನನ್ನ ಜೋಕು ಮೇಲಿನ ಮಹಡಿಯಲ್ಲಿ ಒಂಟಿಯಾಗಿ ಉಳಿದುಬಿಟ್ಟಿತು.

ನೆನಪಾಗಿ ಮೆಟ್ಟಿಲು ಹಾರಿ ಹೋಗುವಷ್ಟರಲ್ಲಿ ಆಪಾ ಬಂದಿದ್ದರು. ಬುರ್ಖಾ ಕೂಡ ತೆಗೆಯದೆ ಮೊದಲು ಎಲ್ಲ ಮಂಚಗಳಿಗೂ ಒಂದು ಸುತ್ತು ಹಾಕುವುದು ಅವರ ಪದ್ಧತಿ. ಏಳನೇ ಬೆಡ್ಡಿನ ಮುಂದೆ ನಿಂತಿದ್ದರು. ಕೆಂಪು ರಟ್ಟು ಕಿಟಕಿಯ ಮೇಲಿತ್ತು. ಸೊಸೆಯ ಕೈಯಲ್ಲಿ ಚಹಾದ ಕಪ್-ಬಸಿ.

“ಚಹಾ ಯಾರಿಗೆ?”

ಆಪಾರ ಮುಖ ನೋಡಿಯೇ ಏನೋ ತಪ್ಪಾಗಿದೆ ಎಂದು ಸೊಸೆಗೆ ತಿಳಿಯಿತು. “ನನಗ್ರಿ. ನಾನ ಕುಡದೇನ್ರಿ, ಅತ್ತಿ ಕುಡದಿಲ್ಲ.”

ಆಪಾ ಕನ್ನಡಕ ಏರಿಸಿ ಅಜ್ಜಿಯ ಮುಖದ ಹತ್ತಿರ ಬಾಗಿದರು. ಮೇಲ್ತುಟಿಯ ಮೇಲೆ ಬಿಳಿ ದಾರದಂತೆ ಚಹಾದ ಕೆನೆ ಅಂಟಿತ್ತು.

“ಯಮ್ಮಾ, ಎಷ್ಟು ಗುಟುಕ ಕುಡದ್ರಿ?”

“ಎರಡ ನನ್ನವ್ವಾ” ಎಂದರು ಅಜ್ಜಿ, ತೃಪ್ತಿಯಿಂದ. “ಭಾಳ ಛಲೋ ಆಗೈತಿ.”

ಹೊಟ್ಟೆಯಲ್ಲಿ ಚಹಾ ಇಟ್ಟುಕೊಂಡು ಮಂಪರಿನ ಮದ್ದು ಕೊಟ್ಟರೆ ಏನಾಗುತ್ತದೆ ಎಂದು ನನಗೂ ಗೊತ್ತಿತ್ತು. ವಾಂತಿ ಎದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದೆರಡು ತಾಸಿನಲ್ಲಿ ಅಜ್ಜಿಯನ್ನು ಥಿಯೇಟರಿಗೆ ಒಯ್ಯುವವರಿದ್ದರು. ಆಪಾ ಮೇಜಿಗೆ ಬಂದು ಡಾಕ್ಟರ ಮೊಬೈಲಿಗೆ ಫೋನ್ ಮಾಡಿದರು.

“ಸರ್, ಏಳನೇ ಬೆಡ್‌ಗೆ ಚಹಾ ಕೊಡ್ರಿ ಅಂತ ನೀವು ಹೇಳಿದ್ರೇನ್ರಿ?... ಇಲ್ಲ... ಎರಡು ಗುಟುಕು ಹೋಗೈತ್ರಿ. ಹಾಲು ಹಾಕಿದ್ದು. ಥಿಯೇಟರಿಗೆ ಈಗ ಕಳಸೂದಿಲ್ರಿ.”

ಫೋನಿಟ್ಟವರು ಒಂದು ಕೆಲಸ ಮಾಡಿದರು. ನಮ್ಮ ಒಳಗಿನ ಫೋನಿಗೆ ಸಣ್ಣ ಗಾಜಿನ ಪಟ್ಟಿ ಇದೆ, ಯಾವ ಮೇಜಿನಿಂದ ಕರೆ ಬಂತೆಂದು ಅದರಲ್ಲಿ ನಂಬರ್ ಉಳಿದಿರುತ್ತದೆ. ಆಪಾ ಅದರ ಗುಂಡಿ ಒತ್ತಿ ಬಾಗಿ ನೋಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ತಲೆ ಎತ್ತಿದರು, ನನ್ನನ್ನು ನೋಡಿದರೋ ನನ್ನ ಹಿಂದಿನ ಗಡಿಯಾರ ನೋಡಿದರೋ ಹೇಳಲಾರೆ. ಡ್ರಾವರ್ ತೆರೆದು ಪೆನ್ ತೆಗೆದು ರಿಜಿಸ್ಟರಿನಲ್ಲಿ ಏನೋ ಬರೆಯತೊಡಗಿದರು.

ಆಪರೇಷನ್ನನ್ನು ಸಂಜೆಗೆ ಹಾಕಿದರು. ಮಧ್ಯಾಹ್ನ ವಾರ್ಡಿನಲ್ಲೇ ವಿಚಾರಣೆ: ದೊಡ್ಡ ಡಾಕ್ಟರು, ಮ್ಯಾನೇಜರು, ಅಳುತ್ತ ನಿಂತ ಸುವರ್ಣಾ. ನಾನು ಯಾವುದೋ ಫೈಲು ಹಿಡಿದುಕೊಂಡು ಅಲ್ಲೇ ಇದ್ದೆ. ಬೇರೆಲ್ಲಿ ಇದ್ದರೂ ಇದಕ್ಕಿಂತ ಕಷ್ಟವಾಗುತ್ತಿತ್ತು.

“ಸರ್ ದನಿನ ಇತ್ರಿ! ಓಕೆನಾ ಓಕೆ ಅಂದ್ರಿ. ದೇವರಾಣಿ!”

“ನಾನು ಸ್ನಾನ ಮಾಡ್ತಾ ಇದ್ದೆ ಆಗ” ಎಂದರು ಡಾಕ್ಟರು.

ಮ್ಯಾನೇಜರು ಕೈ ಕಟ್ಟಿದರು. “ತಾನ ಚಹಾ ಕೊಟ್ಟು ಈಗ ಫೋನ್ ಬಂದಿತ್ತು ಅಂತ ಕಥಿ ಹೇಳಾಕತ್ತಾಳ. ನೋಡವಾ, ನಾಳಿಂದ ನೀ ಬರಬ್ಯಾಡ.”

ಇಪ್ಪತ್ತು ದನಿ ಹೊರಡಿಸುವ ನನ್ನ ಗಂಟಲಿನಿಂದ ಒಂದೂ ಹೊರಡಲಿಲ್ಲ. ‘ನಾನೇ ಮಾಡಿದ್ದು’ ಎನ್ನುವುದು ಎರಡೇ ಮಾತು. ಯಾರ ದನಿಯಲ್ಲಿ ಹೇಳಲಿ ಎಂದು ತೋಚದೆ ನಿಂತೆ, ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಖರೆ ಹೇಳಬೇಕೆಂದರೆ ನೌಕರಿ ಹೋಗುತ್ತದೆಂದು ಹೆದರಿ ನಿಂತೆ.

ಟಿಕ್ ಟಿಕ್ ಎಂದು ಪೆನ್ನಿನ ಸದ್ದಾಯಿತು.

“ಫೋನ್ ಬಂದದ್ದು ಖರೆ ಐತ್ರಿ” ಎಂದರು ಆಪಾ. “ಒಳಗಿನ ಫೋನಿಂದ ಬಂದೈತಿ. ದವಾಖಾನಿ ತುಂಬ ಫೋನ್ ಅದಾವ, ದವಾಖಾನಿ ತುಂಬ ಮಂದಿ ಅದಾರ. ಅದನ್ನ ನಾ ನೋಡ್ಕೋತೇನಿ. ಈ ಹುಡಿಗಿ ಬಂದು ಮೂರು ದಿನಾತು. ಬಾಯಿಮಾತಿಲೆ ಆರ್ಡರ್ ಬಂದ್ರ ಬರಕೋಬೇಕು, ಓದಿ ಹೇಳಬೇಕು, ರಿಸೀವರ್ ಇಟ್ಟು ಡಾಕ್ಟರಿಗೆ ತಿರುಗಿ ಫೋನ್ ಮಾಡಿ ಕೇಳಬೇಕು. ಅದನ್ನ ಆಕಿಗೆ ಕಲಿಸಬೇಕಾದಾಕಿ ನಾ. ಕಲಿಸಿಲ್ಲ. ತಪ್ಪು ನಂದು. ಬರದೇನಿ, ಸಹಿನೂ ಮಾಡೇನಿ, ನೋಡ್ರಿ.”

ರಿಜಿಸ್ಟರನ್ನು ಮ್ಯಾನೇಜರ ಕಡೆ ತಿರುಗಿಸಿದರು. ಅಷ್ಟು ವರ್ಷದಲ್ಲಿ ಆಪಾರ ಹೆಸರಿನ ಮುಂದೆ ಒಂದು ತಪ್ಪೂ ಇರಲಿಲ್ಲ. ಮ್ಯಾನೇಜರು ಓದಿದರು, ಗಂಟಲು ಸರಿಮಾಡಿಕೊಂಡರು, ಹೋದರು. ಸುವರ್ಣಾ ಉಳಿದಳು. ಸಂಜೆ ಅಜ್ಜಿಯ ಆಪರೇಷನ್ ಸುಸೂತ್ರವಾಗಿ ಆಯಿತು. ಎಚ್ಚರವಾದ ಮೇಲೆ ಅಜ್ಜಿ ಕೇಳಿದ ಮೊದಲ ಮಾತು ಏನೆಂದು ನಾನು ಹೇಳಬೇಕಾಗಿಲ್ಲ.

ಮರುದಿನ ಆಪಾ ಮ್ಯಾನೇಜರಿಗೆ ಹೇಳಿ ನನ್ನನ್ನು ಕೌಂಟರಿನಿಂದ ಎಬ್ಬಿಸಿ ತಮ್ಮ ಕೈಕೆಳಗೆ ಹಾಕಿಸಿಕೊಂಡರು. ಅಲ್ಲಿಂದ ಶುರುವಾಯಿತು ನನ್ನ ಸಂಶಯ. ಇವರಿಗೆ ಗೊತ್ತಿದೆಯೋ ಇಲ್ಲವೋ? ಗೊತ್ತಿದ್ದರೆ ಹೇಳಲಿಲ್ಲ ಯಾಕೆ? ಗೊತ್ತಿಲ್ಲದಿದ್ದರೆ ನನ್ನನ್ನೇ ಯಾಕೆ ಮೇಲೆ ಕರೆಸಿಕೊಂಡರು? ಒಂದು ದಿನ ದಯೆ ಎನಿಸುತ್ತಿತ್ತು, ಇನ್ನೊಂದು ದಿನ ಬಲೆ ಎನಿಸುತ್ತಿತ್ತು. ಭಾನುವಾರದ ಡ್ಯೂಟಿಗೆ ಒಬ್ಬ ಹೆದರಿದ ಮನುಷ್ಯ ಬೇಕಾಗಿದ್ದ, ಸಿಕ್ಕ, ಅಷ್ಟೇ ಇರಬಹುದು ಎಂದೂ ಅನಿಸುತ್ತಿತ್ತು. ಯಾಕೆಂದರೆ ಎಲ್ಲ ಭಾನುವಾರವೂ ನನಗೇ ಬರುತ್ತಿತ್ತು.

ಎರಡು ವರ್ಷ ಅವರು ನನ್ನ ಒಂದು ಮಾತನ್ನೂ ಬಾಯಿಮಾತಿನಲ್ಲಿ ತೆಗೆದುಕೊಳ್ಳಲಿಲ್ಲ. “ಆಪಾ, ಎಕ್ಸ್‌ರೇ ಆತು” ಎಂದರೆ, “ಬರಿ.” ಬರೆದರೆ, “ಓದಿ ಹೇಳು.” ಓದಿದರೆ, “ಟೈಮ್ ಎಲ್ಲೈತಿ? ಸಹಿ ಎಲ್ಲೈತಿ?” ಆಪಾ, ಹಸಿವಾಗಿದೆ, ಊಟಕ್ಕೆ ಹೋಗಲೇ ಎಂದು ಕೇಳುವಾಗಲೂ ಕೈ ತಾನಾಗಿ ಪೆನ್ನಿನ ಕಡೆ ಹೋಗುತ್ತಿತ್ತು. ಬೇರೆಯವರಿಗೆ ಇಷ್ಟು ಕಾಟ ಇರಲಿಲ್ಲ. ಸುವರ್ಣಾ ಹೇಳಿದರೆ ಒಂದೇ ಸಲಕ್ಕೆ ತಲೆ ಆಡಿಸುತ್ತಿದ್ದರು.

ಒಮ್ಮೆ ಕ್ಯಾಂಟೀನಿನಲ್ಲಿ ದೊಡ್ಡ ಡಾಕ್ಟರ ದನಿ ತೆಗೆದು ಎಲ್ಲರನ್ನೂ ನಗಿಸುತ್ತಿದ್ದೆ. ತಿರುಗಿ ನೋಡಿದರೆ ಹಿಂದೆ ಆಪಾ, ಕೈಯಲ್ಲಿ ಖಾಲಿ ಕಪ್ಪು.

“ಛಲೋ ಬರ್ತೈತಿ” ಎಂದರು. “ಕೆಮ್ಮು ಸ್ವಲ್ಪ ಜಾಸ್ತಿ ಆತು.”

ಅಷ್ಟೇ. ಕಪ್ ಇಟ್ಟು ಹೋದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೆಮ್ಮು ಜಾಸ್ತಿ ಆಯಿತು ಎಂದರೆ ಯಾವುದಕ್ಕಿಂತ ಜಾಸ್ತಿ? ಡಾಕ್ಟರಿಗಿಂತಲೋ, ಅಜ್ಜಿಯ ಚಹಾದ ದಿನದ್ದಕ್ಕಿಂತಲೋ? ಆದರೆ ಆ ದಿನದ್ದನ್ನು ಅವರು ಕೇಳಿಯೇ ಇಲ್ಲವಲ್ಲ, ರೈಲಿನಲ್ಲಿದ್ದರಲ್ಲ! ಹೀಗೆ ಮಗ್ಗುಲು ಬದಲಿಸುತ್ತ ಬೆಳಗಾಯಿತು.

ಸುವರ್ಣಾಳಿಗೆ ಹೇಳಿಬಿಡಬೇಕೆಂದು ಎಷ್ಟೋ ಸಲ ಹೊರಟೆ. ಅವಳು ತನ್ನ ಡಬ್ಬಿಯಿಂದ ನನಗೆ ಕಡಲೆಹಿಟ್ಟಿನ ಜುಣಕದ ವಡೆ ಕೊಡುತ್ತಿದ್ದಳು. ವಡೆ ತಿಂದು ಬರುತ್ತಿದ್ದೆ. ‘ಅವತ್ತು ಯಾವ ಪುಣ್ಯಾತ್ಮ ಫೋನ್ ಮಾಡಿದ್ನೋ, ಅವನ ಬಾಯಾಗ ಹುಳಾ ಬೀಳಲಿ’ ಎಂದು ಅವಳು ಆಗಾಗ ಶಪಿಸುವಾಗ ನಾನೂ ‘ಬೀಳಲಿ’ ಎನ್ನುತ್ತಿದ್ದೆ. ಬಾಯಲ್ಲಿ ವಡೆ ಇರುತ್ತಿತ್ತು.

ಬೀಳ್ಕೊಡುಗೆಯ ದಿನ ಆಪಾರ ಗಂಡನೂ ಬಾದಾಮಿಯಿಂದ ಬಂದಿದ್ದರು. ಮೈಕು ಕೊಟ್ಟರೆ ಬಿಡುವವರೇ? ತಮ್ಮ ಹೆಂಡತಿ ಒಮ್ಮೆ ಈ ವಾರ್ಡಿನಲ್ಲಿ ಒಂದೇ ಹೊತ್ತಿಗೆ ನೂರು ಪೇಷಂಟುಗಳನ್ನು ಸಂಭಾಳಿಸಿದ ಕಥೆ ಹೇಳಿದರು. ನಮ್ಮಲ್ಲಿರುವುದು ಇಪ್ಪತ್ತು ಮಂಚ. ಆಪಾ ಹಾರ ಹಾಕಿಕೊಂಡು ಕೂತು, ಗಂಡನನ್ನು ಕನ್ನಡಕದ ಮೇಲಿನಿಂದ ನೋಡುತ್ತಿದ್ದರು. ‘ನೀ ಕಣ್ಣಿಲೆ ನೋಡಿದೇನು?’ ಎಂದು ಈಗ ಕೇಳುತ್ತಾರೆ ಎಂದು ಕಾದೆ. ಕೇಳಲಿಲ್ಲ. ಪೇಡೆ ತಿಂದರು.

ಹೋಗುವಾಗ ಕನ್ನಡಕದ ದಾರದಿಂದ ಕೀಲಿ ಬಿಚ್ಚಿ ನನ್ನ ಕೈಗೆ ಹಾಕಿದರು. “ಎಣಿಸಿ ತಗೋ” ಎಂದರು. ಒಂದೇ ಕೀಲಿ. ಎಣಿಸಿದೆ. ಅವರು ಆಟೋ ಹತ್ತಿದ್ದೇ ತಡ, ಓಡಿ ಬಂದು ಡ್ರಾವರ್ ತೆರೆದೆ. ಒಳಗೆ ಅರ್ಧ ಬಿಸ್ಕತ್ತಿನ ಪ್ಯಾಕೆಟ್ಟು, ಡಾಕ್ಟರುಗಳು ಬಿಟ್ಟುಹೋದ ಹದಿನೇಳು ಪೆನ್ನು, ಮತ್ತು ಇನ್ನೊಂದು ಬೀಗದ ಕೀಲಿ. ಆ ಬೀಗ ಎಲ್ಲಿದೆ ಎಂದು ಇನ್ನೂ ಹುಡುಕುತ್ತಿದ್ದೇನೆ.

ಮೊನ್ನೆ ಮಂಗಳವಾರ ಬೆಳಿಗ್ಗೆ, ನಾನು ಕುರ್ಚಿಯಲ್ಲಿ, ಸುವರ್ಣಾ ಪಕ್ಕದಲ್ಲಿ ಗುಳಿಗೆ ಎಣಿಸುತ್ತಿದ್ದಳು. ಹೊರಗಿನ ಫೋನ್ ಬಂತು. ಒಂದು ಕೆಮ್ಮು. ಆಮೇಲೆ ಮೂಗಿನಿಂದ:

“ಏನಪ್ಪಾ, ನಾ ಡಾಕ್ಟರ್ ಮಾತಾಡಾಕ... ಮಾತಾಡ್ತಾ ಇದೀನಿ. ಏಳನೇ ಬೆಡ್‌ಗೆ ಆಪರೇಷನ್ ಇಲ್ಲ. ಒಂದು ಕಪ್ ಟೀ ಕೊಡಿ. ಓಕೆ ಏನ್ರಿ? ಓಕೆ.”

ಇಷ್ಟು ಕೆಟ್ಟ ಮಿಮಿಕ್ರಿಯನ್ನು ನನ್ನ ಜೀವಮಾನದಲ್ಲಿ ಕೇಳಿಲ್ಲ. ಹಿಂದಿನಿಂದ ಬಾದಾಮಿ ಸ್ಟೇಷನ್ನಿನ ಅನೌನ್ಸ್‌ಮೆಂಟೂ ಕೇಳುತ್ತಿತ್ತು. ಗಿರಾಕಿಗಳಿಗೆ ಕಾದು ನಿಂತ ಗಂಡನ ಪಕ್ಕದಲ್ಲೇ ನಿಂತು ಆಪಾ ಮಾಡಿದ್ದಿರಬೇಕು. ನಗು ಬರಬೇಕಿತ್ತು. ಕೈ ಪೆನ್ನಿನ ಕಡೆ ಹೋಯಿತು. ಆ ಮಾತುಗಳು ನನ್ನವು. ಸುವರ್ಣಾಳ ಬಾಯಿಂದ ಅವತ್ತೇ ಒಂದೊಂದಾಗಿ ಕೇಳಿ ರಿಜಿಸ್ಟರಿನಲ್ಲಿ ಬರೆದುಕೊಂಡವರು, ಎರಡು ವರ್ಷ ಇಟ್ಟುಕೊಂಡಿದ್ದು, ಈಗ ಹಾಗೇ ಓದಿ ಹೇಳುತ್ತಿದ್ದರು. ಗೊತ್ತಿತ್ತು. ಮೊದಲ ದಿನದಿಂದ ಅವರಿಗೆ ಗೊತ್ತಿತ್ತು.

“ಬರಕೊಂಡೇನಿ ಸರ್” ಎಂದೆ. “ಏಳನೇ ಬೆಡ್, ಆಪರೇಷನ್ ಇಲ್ಲ, ಒಂದು ಕಪ್ ಚಹಾ. ಇಡ್ರಿ, ತಿರುಗಿ ಫೋನ್ ಮಾಡಿ ಕೇ‍ಳ್ತೇನಿ.”

ಆ ಕಡೆ ಫೋನ್ ಇಟ್ಟ ಸದ್ದು.

ಯಾರೆಂದು ಗೊತ್ತಿದ್ದರೂ ದೊಡ್ಡ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಹುನಗುಂದದಲ್ಲಿ ಪೇಷಂಟ್ ನೋಡುತ್ತಿದ್ದರು. “ನಾನು ಯಾವಾಗಪ್ಪಾ ಫೋನ್ ಮಾಡಿದೆ? ಬೇರೆ ಕೆಲಸ ಇಲ್ವಾ?” ಎಂದು ಬೈದರು. ಬೈಸಿಕೊಂಡು ಟೈಮ್ ಹಾಕಿ ಬರೆದೆ.

“ಯಾರ ಫೋನು?” ಎಂದಳು ಸುವರ್ಣಾ, ಗುಳಿಗೆಯಿಂದ ತಲೆ ಎತ್ತದೆ.

“ಆಪಾರದು.” ಪೆನ್ ಕೆಳಗಿಟ್ಟೆ. “ಸುವರ್ಣಾ, ಎರಡು ವರ್ಷದ ಹಿಂದ ಇಳಕಲ್ ಅಜ್ಜಿಗೆ ಚಹಾ ಕೊಡು ಅಂತ ಫೋನ್ ಬಂದಿತ್ತಲ್ಲ. ಅದು ನಾ ಮಾಡಿದ್ದು.”

ಗುಳಿಗೆ ಎಣಿಸುವ ಕೈ ನಿಂತಿತು. ಅವಳು ನನ್ನ ಮುಖವನ್ನು ನೋಡಿದ ರೀತಿ ನನಗೆ ಪರಿಚಯದ್ದು. ಕನ್ನಡಕ ಒಂದೇ ಕಡಿಮೆ. ಎಷ್ಟು ವಡೆ ನೆನಪಾದವೋ ಅವಳಿಗೆ! ಬೈಯುತ್ತಾಳೆ ಎಂದುಕೊಂಡೆ, ಮ್ಯಾನೇಜರ ಬಳಿ ಹೋಗುತ್ತಾಳೆ ಎಂದುಕೊಂಡೆ. ಅವಳು ರಿಜಿಸ್ಟರನ್ನು ಎಳೆದು ನನ್ನ ಮುಂದೆ ಇಟ್ಟಳು.

“ಬರಿ.”

ಬರೆದೆ. ಟೈಮ್ ಹಾಕಿದೆ. ಸಹಿ ಮಾಡಿದೆ. ಆ ಪುಟ ಮ್ಯಾನೇಜರ ಕೈಗೆ ಹೋಗುತ್ತದೆ ಎನ್ನುವುದು ಗೊತ್ತಿತ್ತು. ಆದರೂ ಸಹಿ ಸ್ವಚ್ಛವಾಗಿ ಬಂತು.

“ಓದಿ ಹೇಳು.”

ಓದಿದೆ. ನಾಲ್ಕೇ ಸಾಲು. ಡಾಕ್ಟರ ದನಿಯೂ ಬರಲಿಲ್ಲ, ಬಸಣ್ಣನದೂ ಬರಲಿಲ್ಲ. ಮಧ್ಯದಲ್ಲಿ ಒಂದು ಕಡೆ ದನಿ ಒಡೆಯಿತು.

ಸುವರ್ಣಾ ನಂಬಿದಂತೆ ಕಾಣಲಿಲ್ಲ. ರಿಸೀವರ್ ಎತ್ತಿ ಆಪಾರ ಮೊಬೈಲ್ ನಂಬರ್ ಒತ್ತಿದಳು. “ಆಪಾ, ಇಲ್ಲೊಬ್ಬಾಂವ ಅವತ್ತಿನ ಫೋನ್ ನಂದ ಅಂತ ಹೇಳಾಕತ್ತಾನ. ಖರೆ ಏನ್ರಿ?” ಬಹಳ ಹೊತ್ತು ಕೇಳಿಸಿಕೊಂಡಳು. ಆಮೇಲೆ ರಿಸೀವರಿಗೆ ಅಂಗೈ ಮುಚ್ಚಿ ನನ್ನ ಕಡೆ ತಿರುಗಿದಳು.

“ಯಾರ ದನಿಯೊಳಗ ಹೇಳಿದಾ ಅಂತ ಕೇಳಾಕತ್ತಾರ.”